ಕಡಲಿನ ಅಳತೆ ಹೇಳಿದ ಎಚ್ಚರಿಕೆ

1953ರ ಜನವರಿ 31ರ ರಾತ್ರಿ. ಹುಣ್ಣಿಮೆ ಆಗಷ್ಟೇ ಕಳೆದಿದ್ದರಿಂದ ಉತ್ತರ ಸಮುದ್ರದ ಭರತ ಸಹಜವಾಗಿಯೇ ಜೋರಾಗಿತ್ತು. ಸಾಲದೆಂಬಂತೆ ವಾಯವ್ಯದ ಬಿರುಗಾಳಿ ನೀರನ್ನು ಹಾಲೆಂಡಿನ ತೀರಕ್ಕೆ ನೂಕಿತು. ಬೆಳಗಾಗುವ ಮುನ್ನ ಕಟ್ಟೆಗಳು ಒಡೆದವು. ಅಲ್ಲಿ ಸತ್ತವರು 1,836 ಮಂದಿ.

ಶತಮಾನಗಳಿಂದ ಕಡಲಿಗೆ ಕಟ್ಟೆ ಕಟ್ಟಿಕೊಂಡೇ ಬದುಕಿದ ನಾಡಿದು. ಆದರೆ ಕಟ್ಟೆ ಎಷ್ಟು ಎತ್ತರವಿರಬೇಕು? ಹಿಂದೆ ಕಂಡ ಅತಿ ದೊಡ್ಡ ನೆರೆಗಿಂತ ತುಸು ಮೇಲಿದ್ದರೆ ಸಾಕು ಎಂಬುದೇ ರೂಢಿಯಾಗಿತ್ತು. ಕಂಡದ್ದಕ್ಕಿಂತ ದೊಡ್ಡದು ಬಾರದೆಂಬ ಭರವಸೆಯೇನು?

ಈ ಪ್ರಶ್ನೆಗೆ ಉತ್ತರ 1939ರಲ್ಲೇ ಸಿಕ್ಕಿತ್ತು. ರಾಟರ್‌ಡ್ಯಾಂ ಬಳಿಯ ಹುಕ್ ಫಾನ್ ಹಾಲಂಡ್ ಬಂದರಿನಲ್ಲಿ ದಾಖಲಾದ 1888ರಿಂದ 1937ರವರೆಗಿನ ಭರತದ ಮಟ್ಟಗಳನ್ನು ವೆಮೆಲ್ಸ್‌ಫೆಲ್ಡರ್ ಎಂಬ ಎಂಜಿನಿಯರ್ ಪರಿಶೀಲಿಸಿದರು. ನೀರು ಯಾವ ಮಟ್ಟವನ್ನು ಎಷ್ಟು ಬಾರಿ ದಾಟಿದೆ ಎಂದು ಎಣಿಸಿದಾಗ ಒಂದು ಕ್ರಮ ಗೋಚರಿಸಿತು. ಮಟ್ಟ ಏರಿದಂತೆಲ್ಲ ಅಂಥ ಭರತ ಒಂದೇ ಪ್ರಮಾಣದಲ್ಲಿ ವಿರಳವಾಗುತ್ತಿತ್ತು. ಆದರೆ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಅಂದರೆ ಯಾರೂ ಕಾಣದ ನೆರೆಗೂ ಒಂದು ಸಂಭವವಿದೆ. ಹದಿನಾಲ್ಕು ವರ್ಷಗಳ ನಂತರ ಅದೇ ಬಂದರಿನಲ್ಲಿ ನೀರು 3.85 ಮೀಟರ್ ಏರಿತು.

ದುರಂತದ ಬಳಿಕ ನೇಮಕವಾದ ಡೆಲ್ಟಾ ಸಮಿತಿ ಈ ಲೆಕ್ಕವನ್ನೇ ಮುಂದುವರಿಸಿತು. ಗಣಿತಜ್ಞ ಫಾನ್ ಡಾಂಟ್‌ಸಿಗ್ ಕಟ್ಟೆ ಎತ್ತರಿಸುವ ಖರ್ಚನ್ನೂ ನೆರೆಯಿಂದಾಗಬಹುದಾದ ನಷ್ಟವನ್ನೂ ತೂಗಿ ನೋಡಿದರು. ಹತ್ತು ಸಾವಿರ ವರ್ಷಕ್ಕೊಮ್ಮೆ ಬರಬಹುದಾದ ನೆರೆಯನ್ನು ತಡೆಯಲು ಹುಕ್ ಫಾನ್ ಹಾಲಂಡ್‌ನಲ್ಲಿ 5 ಮೀಟರ್ ಮಟ್ಟ ನಿಗದಿಯಾಯಿತು.

ಹತ್ತು ಸಾವಿರ ವರ್ಷ ಎಂದೊಡನೆ ನೆಮ್ಮದಿಯಿಂದ ಇರುವಂತಿಲ್ಲ. ಅಂಥ ನೆರೆ ಈ ವರ್ಷವೇ ಬರಬಹುದು. ಪ್ರತಿ ವರ್ಷವೂ ಅದರ ಸಂಭವ ಹತ್ತು ಸಾವಿರದಲ್ಲಿ ಒಂದು. ನೂರು ವರ್ಷದ ಅವಧಿಗೆ ಲೆಕ್ಕ ಹಾಕಿದರೆ ಸುಮಾರು ನೂರಕ್ಕೆ ಒಂದು.

ಅಳೆಯುವ ಹಳೆಯ ಸಾಧನ ಸರಳ. ದಡದಲ್ಲೊಂದು ಬಾವಿ, ಅದರ ತಳದಲ್ಲಿ ಕಡಲಿಗೆ ತೆರೆದ ಸಣ್ಣ ತೂತು. ಹೊರಗಿನ ಅಲೆಗಳ ಕುಣಿತ ಒಳಗೆ ತಟ್ಟದು. ನೀರಿನ ಮಟ್ಟ ಮಾತ್ರ ಏರಿಳಿಯುತ್ತದೆ. ಅದರೊಡನೆ ತೇಲುವ ಬುರುಡೆಗೆ ಜೋಡಿಸಿದ ಲೇಖನಿ, ಗಡಿಯಾರದಂತೆ ತಿರುಗುವ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಒಂದು ದಿನದ ಗೆರೆಗೆ ಬೆಲೆಯಿಲ್ಲ. ಐವತ್ತು ವರ್ಷದ ಗೆರೆಗಳು ಊರುಗಳನ್ನು ಉಳಿಸಬಲ್ಲವು.

2017ರಿಂದ ಹಾಲೆಂಡಿನಲ್ಲಿ ನೀರಿನ ಮಟ್ಟದ ಬದಲು ಕಟ್ಟೆ ಒಡೆಯುವ ಸಂಭವವನ್ನೇ ಆಧರಿಸಿದ ನಿಯಮ ಜಾರಿಯಲ್ಲಿದೆ. ಕಡಲೂ ಏರುತ್ತಿದೆ. ಮಟ್ಟವೇ ಏರಿದಾಗ ನೂರು ವರ್ಷಕ್ಕೊಮ್ಮೆ ಬರುತ್ತಿದ್ದ ನೆರೆ ಇನ್ನೂ ಬೇಗ ಬರುತ್ತದೆ. ಆದ್ದರಿಂದ ಹಳೆಯ ದಾಖಲೆಗಳನ್ನು ಕಾಪಾಡುವಷ್ಟೇ ಮುಖ್ಯ, ಅಳತೆಯನ್ನು ಒಂದು ದಿನವೂ ನಿಲ್ಲಿಸದಿರುವುದು.