ಮೈಲ್ಡ್, ಮಾಡರೇಟ್, ಸಿವಿಯರ್: ಆಟಿಸಂನ ತೀವ್ರತೆಯನ್ನು ಅಳೆಯುವುದು ಹೇಗೆ?

ಮಗುವಿಗೆ ಆಟಿಸಂ ಇದೆ ಎಂದು ತಿಳಿದ ಕೂಡಲೇ ತಂದೆತಾಯಿ ಕೇಳುವ ಮೊದಲ ಪ್ರಶ್ನೆ ಬೆಂಗಳೂರಿನ ರಾಜಾಜಿನಗರದಲ್ಲೂ ಕೆಂಗೇರಿಯಲ್ಲೂ ಹೆಚ್ಚುಕಡಿಮೆ ಒಂದೇ: "ಡಾಕ್ಟ್ರೇ, ಮೈಲ್ಡಾ, ಸಿವಿಯರಾ?" ಶಾಲೆಯವರೂ ಅದನ್ನೇ ಕೇಳುತ್ತಾರೆ, ನೆಂಟರೂ ಅದನ್ನೇ ಕೇಳುತ್ತಾರೆ. ಆ ಒಂದು ಪದಕ್ಕೆ ವೈದ್ಯರು ಹೇಗೆ ತಲುಪುತ್ತಾರೆ, ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಗೊತ್ತಿದ್ದರೆ ಆತಂಕ ಎಷ್ಟೋ ಕಡಿಮೆಯಾಗುತ್ತದೆ.

ತೀವ್ರತೆ ಎಂದರೆ ಏನು?

ಆಟಿಸಂ (ಸ್ವಲೀನತೆ) ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಇದನ್ನು ಪತ್ತೆ ಮಾಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಗುವನ್ನು ಗಮನಿಸಿ, ಮನೆಯವರನ್ನು ವಿವರವಾಗಿ ಕೇಳಿಯೇ ತೀರ್ಮಾನಕ್ಕೆ ಬರಬೇಕು. ಮುಖ್ಯವಾಗಿ ನೋಡುವುದು ಎರಡು ಕ್ಷೇತ್ರಗಳನ್ನು. ಮೊದಲನೆಯದು ಇತರರೊಡನೆ ಬೆರೆಯುವುದು ಮತ್ತು ಸಂವಹನ. ಎರಡನೆಯದು ಮರುಕಳಿಸುವ ವರ್ತನೆಗಳು, ಬದಲಾವಣೆಯನ್ನು ಸಹಿಸಲಾಗದ ಹಟ, ಶಬ್ದ, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಇಲ್ಲವೇ ತೀರಾ ಕಡಿಮೆಯಾಗಿ ಸ್ಪಂದಿಸುವುದು.

ತೀವ್ರತೆ ಮಗುವಿನ ಬುದ್ಧಿಯ ಅಳತೆಯಲ್ಲ, ಭವಿಷ್ಯದ ಜಾತಕವೂ ಅಲ್ಲ. ಈ ಲಕ್ಷಣಗಳಿಂದ ದಿನನಿತ್ಯದ ಬದುಕಿಗೆ ಎಷ್ಟು ಅಡ್ಡಿಯಾಗುತ್ತಿದೆ, ಅದನ್ನು ದಾಟಲು ಮಗುವಿಗೆ ಸದ್ಯ ಎಷ್ಟು ಆಸರೆ ಬೇಕು ಎಂಬುದರ ಅಂದಾಜು ಅದು.

ಡಿಎಸ್‌ಎಂ-5: ಆಸರೆಯ ಮೂರು ಹಂತಗಳು

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿ, ಅದುವರೆಗೆ ಬೇರೆಬೇರೆಯಾಗಿದ್ದ ಆಟಿಸ್ಟಿಕ್ ಡಿಸಾರ್ಡರ್, ಆಸ್ಪರ್ಜರ್ ಮೊದಲಾದ ಹೆಸರುಗಳನ್ನು 'ಆಟಿಸಂ ಸ್ಪೆಕ್ಟ್ರಮ್ ಡಿಸಾರ್ಡರ್' ಎಂಬ ಒಂದೇ ಹೆಸರಿನಡಿ ತಂದಿತು. ಜೊತೆಗೆ ಮೂರು ಹಂತಗಳನ್ನು ಸೂಚಿಸಿತು. ಒಂದನೇ ಹಂತದವರಿಗೆ ಆಸರೆ ಬೇಕು, ಎರಡನೇ ಹಂತದವರಿಗೆ ಗಣನೀಯ ಆಸರೆ ಬೇಕು, ಮೂರನೇ ಹಂತದವರಿಗೆ ಅತಿ ಹೆಚ್ಚಿನ ಆಸರೆ ಬೇಕು.

ಪೂರ್ತಿ ವಾಕ್ಯಗಳಲ್ಲಿ ಮಾತಾಡಿದರೂ ಎದುರಿನವರೊಡನೆ ಮಾತು ಮುಂದುವರಿಸಲು ಪರದಾಡುವುದು ಒಂದನೇ ಹಂತದ ಉದಾಹರಣೆ. ಅರ್ಥವಾಗುವ ಕೆಲವೇ ಪದಗಳಿದ್ದು, ಬಹುತೇಕ ತನ್ನ ಅಗತ್ಯಕ್ಕಷ್ಟೇ ಇತರರನ್ನು ಸಮೀಪಿಸುವುದು ಮೂರನೆಯದರ ಉದಾಹರಣೆ.

ಅನೇಕರ ಗಮನಕ್ಕೆ ಬಾರದ ಸಂಗತಿಯೊಂದಿದೆ. ಹಂತವನ್ನು ಎರಡೂ ಕ್ಷೇತ್ರಗಳಿಗೆ ಪ್ರತ್ಯೇಕವಾಗಿ ಗುರುತಿಸಬೇಕು. ಒಂದೇ ಮಗು ಸಂವಹನದಲ್ಲಿ ಒಂದನೇ ಹಂತದಲ್ಲೂ ವರ್ತನೆಯಲ್ಲಿ ಎರಡನೇ ಹಂತದಲ್ಲೂ ಇರಬಹುದು. ಬೌದ್ಧಿಕ ಕೊರತೆ ಇದೆಯೇ, ಭಾಷಾ ಕೊರತೆ ಇದೆಯೇ ಎಂಬುದನ್ನೂ ಬೇರೆಯಾಗಿಯೇ ಬರೆಯಬೇಕು. ತೀವ್ರತೆ ಸನ್ನಿವೇಶದಿಂದ ಸನ್ನಿವೇಶಕ್ಕೆ, ಕಾಲದಿಂದ ಕಾಲಕ್ಕೆ ಬದಲಾಗಬಹುದು ಎಂದು ಆ ಕೈಪಿಡಿಯೇ ಹೇಳುತ್ತದೆ.

2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಈ ಮೂರು ಹಂತಗಳನ್ನು ಬಳಸುವುದಿಲ್ಲ. ಬೌದ್ಧಿಕ ಬೆಳವಣಿಗೆಯಲ್ಲಿ ಕೊರತೆ ಇದೆಯೇ, ಬಳಕೆಯ ಭಾಷೆ ಎಷ್ಟರಮಟ್ಟಿಗಿದೆ ಎಂಬ ಆಧಾರದ ಮೇಲೆ ಅದು ವಿಂಗಡಿಸುತ್ತದೆ. ಹಾಗಾಗಿ ಒಂದು ವರದಿಯಲ್ಲಿ 'ಲೆವೆಲ್ 2' ಎಂದಿದ್ದು ಇನ್ನೊಂದರಲ್ಲಿ ಆ ಪದವೇ ಇಲ್ಲದಿದ್ದರೆ ಯಾರೋ ತಪ್ಪು ಮಾಡಿದ್ದಾರೆ ಎಂದುಕೊಳ್ಳಬೇಕಿಲ್ಲ. ಇಬ್ಬರು ವೈದ್ಯರು ಬಳಸಿದ ಕೈಪಿಡಿ ಬೇರೆಬೇರೆ ಇರಬಹುದು.

ನಮ್ಮ ದೇಶದ ಅಳತೆಗೋಲು: ಐಎಸ್‌ಎಎ

ಭಾರತದಲ್ಲಿ ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ಬಳಸುವುದು ಐಎಸ್‌ಎಎ ಎಂಬ ಮಾಪನ. ಇದನ್ನು ರೂಪಿಸಿದ್ದು ಬೌದ್ಧಿಕ ವೈಕಲ್ಯಕ್ಕೆ ಸಂಬಂಧಿಸಿದ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ, ಈಗಿನ ಎನ್‌ಐಇಪಿಐಡಿ. ಇದರಲ್ಲಿ 40 ಅಂಶಗಳಿವೆ: ಸಾಮಾಜಿಕ ಸಂಬಂಧದ ಬಗ್ಗೆ 9, ಭಾವನಾತ್ಮಕ ಸ್ಪಂದನೆಯ ಬಗ್ಗೆ 5, ಮಾತು ಮತ್ತು ಸಂವಹನದ ಬಗ್ಗೆ 9, ವರ್ತನೆಯ ಬಗ್ಗೆ 7, ಇಂದ್ರಿಯಾನುಭವದ ಬಗ್ಗೆ 6, ಗ್ರಹಿಕೆಯ ಬಗ್ಗೆ 4.

ಪ್ರತಿ ಅಂಶಕ್ಕೂ 1ರಿಂದ 5ರವರೆಗೆ ಅಂಕ. ಆ ಲಕ್ಷಣ ಕಾಣುವುದು ಶೇ 20ರಷ್ಟು ಸಮಯದವರೆಗೆ ಮಾತ್ರವಾದರೆ 1, ಶೇ 80ಕ್ಕೂ ಹೆಚ್ಚು ಸಮಯವಾದರೆ 5. ಒಟ್ಟು ಅಂಕ 70ಕ್ಕಿಂತ ಕಡಿಮೆಯಿದ್ದರೆ ಈ ಮಾಪನದ ಪ್ರಕಾರ ಆಟಿಸಂ ಇಲ್ಲ. 70ರಿಂದ 106 ಮೈಲ್ಡ್, 107ರಿಂದ 153 ಮಾಡರೇಟ್, 153ನ್ನು ಮೀರಿದರೆ ಸಿವಿಯರ್.

ಮನೆಮಾತು ಇಲ್ಲಿ ಬಹಳ ಮುಖ್ಯವಾಗುತ್ತದೆ. ಸರ್ವನಾಮಗಳು ಅದಲುಬದಲಾಗುತ್ತವೆಯೇ ಎಂಬುದು ಮಾತಿನ ವಿಭಾಗದ ಒಂದು ಅಂಶ. ಬಸವೇಶ್ವರನಗರದ ಒಂದು ಮನೆ ಎಂದುಕೊಳ್ಳಿ. ನಾಲ್ಕು ವರ್ಷದ ಮಗುವಿಗೆ ಬಾಯಾರಿದೆ. "ನಂಗೆ ನೀರು ಬೇಕು" ಎನ್ನುವ ಬದಲು ಅಡುಗೆಮನೆ ಬಾಗಿಲಲ್ಲಿ ನಿಂತು "ನಿಂಗೆ ನೀರು ಬೇಕಾ?" ಎನ್ನುತ್ತದೆ. ಅಮ್ಮ ದಿನವೂ ಕೇಳುವ ಪ್ರಶ್ನೆಯನ್ನೇ ಮಗು ತನ್ನ ಬೇಡಿಕೆಯಾಗಿ ಹಿಡಿದುಕೊಂಡಿದೆ. ಇದು ವಾರಕ್ಕೊಮ್ಮೆ ಆಗುತ್ತದೆಯೋ, ನೀರು ಕೇಳಿದಾಗಲೆಲ್ಲ ಆಗುತ್ತದೆಯೋ ಎಂಬುದರ ಮೇಲೆ ಅಂಕ ನಿಲ್ಲುತ್ತದೆ. ಅದನ್ನು ಹೇಳಬಲ್ಲವರು ಮನೆಯವರು ಮಾತ್ರ. ಕನ್ನಡದ ಮಗುವನ್ನು ಇಂಗ್ಲಿಷಿನಲ್ಲಷ್ಟೇ ಮಾತಾಡಿಸಿ ನೋಡಿದರೆ ಈ ವಾಕ್ಯ ಹೊರಬರುವುದೇ ಇಲ್ಲ. ಮನೆಯಲ್ಲಿ ಎರಡು ಮೂರು ಭಾಷೆ ಆಡುವುದರಿಂದ ಆಟಿಸಂ ಬರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು.

ಜೊತೆಗೆ ಬಳಸುವ ಇತರ ಪರೀಕ್ಷೆಗಳು

ಕಾರ್ಸ್ ಎಂಬ ಮಾಪನದಲ್ಲಿ 15 ಅಂಶಗಳು, ಪ್ರತಿಯೊಂದಕ್ಕೂ 1ರಿಂದ 4 ಅಂಕ. ಮೂಲ ಮಾಪನದಲ್ಲಿ ಒಟ್ಟು 30ರ ಕೆಳಗಿದ್ದರೆ ಆಟಿಸಂ ಅಲ್ಲ, 37 ತಲುಪಿದರೆ ಸಿವಿಯರ್, ನಡುವಿನದು ಮೈಲ್ಡ್‌ನಿಂದ ಮಾಡರೇಟ್. ಎಡಾಸ್-2 ಎಂಬ ಪರೀಕ್ಷೆಯಲ್ಲಿ ತರಬೇತಿ ಪಡೆದ ತಜ್ಞರು ಮಗುವಿನೊಡನೆ ಆಟವಾಡುತ್ತ ಅಂಕ ಕೊಡುತ್ತಾರೆ.

ಎಂ-ಚಾಟ್‌ನ 20 ಪ್ರಶ್ನೆಗಳನ್ನು ಫೋನಿನಲ್ಲೇ ತುಂಬಿ ಗಾಬರಿಯಾಗುವ ಪೋಷಕರಿದ್ದಾರೆ. ಅದು 16ರಿಂದ 30 ತಿಂಗಳ ಮಕ್ಕಳಿಗಾಗಿ ಇರುವ ಪ್ರಾಥಮಿಕ ತಪಾಸಣೆ ಮಾತ್ರ. ಅದರ ಅಂಕ ಹೆಚ್ಚು ಬಂದರೆ ತಜ್ಞರ ಬಳಿ ಹೋಗಬೇಕು ಎಂದಷ್ಟೇ ಅರ್ಥ. ಅದರಿಂದ ತೀವ್ರತೆ ಗೊತ್ತಾಗುವುದಿಲ್ಲ.

ಸ್ನಾನ, ಊಟ, ಬಟ್ಟೆ ತೊಡುವುದು ಮುಂತಾದ ಸ್ವಾವಲಂಬನೆಯನ್ನು ನೋಡಲು ವೈನ್‌ಲ್ಯಾಂಡ್ ಮಾಪನವಿದೆ. ಬುದ್ಧಿಮಟ್ಟಕ್ಕೆ ನಮ್ಮ ಕಡೆ ಬಹುಕಾಲದಿಂದ ಬಳಕೆಯಲ್ಲಿರುವುದು ಬಿನೆ-ಕಾಮತ್ ಪರೀಕ್ಷೆ. ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದ ಪರೀಕ್ಷೆ ಅದು. ಕಿವಿ ಸರಿಯಾಗಿ ಕೇಳುತ್ತಿದೆಯೇ ಎಂಬ ಪರೀಕ್ಷೆಯನ್ನು ಮಾತ್ರ ಎಂದಿಗೂ ಬಿಡಬಾರದು. ಕರೆದರೆ ತಿರುಗದಿರಲು ಶ್ರವಣದೋಷವೂ ಕಾರಣವಾಗಿರಬಹುದು.

ಅಂಕದಿಂದ ಪ್ರಮಾಣಪತ್ರಕ್ಕೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಹೆಚ್ಚಿನ ಸೌಲಭ್ಯಗಳಿಗೆ ಬೇಕಾದ ಕನಿಷ್ಠ ಪ್ರಮಾಣ ಶೇ 40. ಐಎಸ್‌ಎಎ ಅಂಕವನ್ನು ಈ ಶೇಕಡಾವಾರು ಲೆಕ್ಕಕ್ಕೆ ಪರಿವರ್ತಿಸುತ್ತಾರೆ. 70 ಅಂಕ ಬಂದರೆ ಶೇ 40, 106ರಿಂದ 123ರೊಳಗೆ ಬಂದರೆ ಶೇ 70, 158 ದಾಟಿದರೆ ಶೇ 100. ಅಂದರೆ 'ಮೈಲ್ಡ್' ಎನಿಸಿಕೊಂಡ ಮಗುವಿಗೂ ಪ್ರಮಾಣಪತ್ರದ ಹಕ್ಕಿದೆ. 'ಮೈಲ್ಡ್ ಅಲ್ಲವೇ, ಏನೂ ಸಿಗುವುದಿಲ್ಲ' ಎಂದು ಸುಮ್ಮನಾಗುವ ಕುಟುಂಬಗಳಿಗೆ ಈ ಮಾತು ತಲುಪಬೇಕು.

ಯುಡಿಐಡಿ ಎಂಬ ಅಂಗವೈಕಲ್ಯ ಗುರುತಿನ ಕಾರ್ಡ್, ಮಾಸಾಶನ, ನ್ಯಾಷನಲ್ ಟ್ರಸ್ಟ್‌ನ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ ಮುಂತಾದವಕ್ಕೆ ಈ ಕಾಗದವೇ ಬಾಗಿಲು. ಆದರೆ ಸೌಲಭ್ಯಕ್ಕೆ ಯಾರು ಅರ್ಹರು ಎಂದು ತೀರ್ಮಾನಿಸಲು ತನ್ನ ತೀವ್ರತೆಯ ಹಂತಗಳನ್ನು ಬಳಸಬಾರದು ಎಂದು ಡಿಎಸ್‌ಎಂ-5 ಎಚ್ಚರಿಸುತ್ತದೆ. ಪ್ರಮಾಣಪತ್ರದ ಶೇಕಡಾವಾರು ಲೆಕ್ಕವೂ ಚಿಕಿತ್ಸೆಯ ಯೋಜನೆಯೂ ಎರಡು ಬೇರೆ ಕೆಲಸ. ಒಂದರ ಅಂಕಿ ಇನ್ನೊಂದಕ್ಕೆ ಸಾಲದು.

ಒಂದೇ ಅಂಕ, ಇಬ್ಬರು ಮಕ್ಕಳು

ಐಎಸ್‌ಎಎಯಲ್ಲಿ ಇಬ್ಬರು ಮಕ್ಕಳಿಗೂ 110 ಬಂದಿದೆ ಎನ್ನಿ. ಇಬ್ಬರೂ 'ಮಾಡರೇಟ್', ಇಬ್ಬರಿಗೂ ಶೇ 70. ವಿಜಯನಗರದ ಹುಡುಗನಿಗೆ ಮಾತೇ ಬಂದಿಲ್ಲ, ಆದರೆ ಸಂತೆಯ ಗದ್ದಲದಲ್ಲೂ ಅಜ್ಜಿಯ ಕೈ ಹಿಡಿದು ನೆಮ್ಮದಿಯಾಗಿ ನಡೆಯುತ್ತಾನೆ. ಕೆಂಗೇರಿಯ ಹುಡುಗಿ ಚೆನ್ನಾಗಿ ಮಾತಾಡುತ್ತಾಳೆ, ಆದರೆ ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಮಂಚದಡಿ ಸೇರುತ್ತಾಳೆ. ಶಾಲೆಯ ವ್ಯಾನ್ ದಾರಿ ಬದಲಿಸಿದರೆ ಇಡೀ ದಿನ ಅಳುತ್ತಾಳೆ. ಅವನಿಗೆ ಬೇಕಾದದ್ದು ಸ್ಪೀಚ್ ಥೆರಪಿ, ಚಿತ್ರಗಳನ್ನು ತೋರಿಸಿ ಸಂವಹನ ಮಾಡುವ ದಾರಿ. ಅವಳಿಗೆ ಬೇಕಾದದ್ದು ಆಕ್ಯುಪೇಷನಲ್ ಥೆರಪಿ, ಬದಲಾವಣೆಯನ್ನು ಮೊದಲೇ ತಿಳಿಸುವ ಅಭ್ಯಾಸ. ಒಟ್ಟು ಅಂಕ ಈ ವ್ಯತ್ಯಾಸವನ್ನು ತೋರಿಸುವುದಿಲ್ಲ. ಅದಕ್ಕೇ ವರದಿ ಕೈಗೆ ಬಂದಾಗ ಕೊನೆಯ ಸಾಲನ್ನಷ್ಟೇ ಓದದೆ ಪ್ರತಿ ವಿಭಾಗದ ಅಂಕವನ್ನೂ ಕೇಳಿ ತಿಳಿದುಕೊಳ್ಳಬೇಕು.

ಕಷ್ಟವನ್ನು ಅದುಮಿಟ್ಟುಕೊಂಡು ಇತರರಂತೆ ನಟಿಸುವ ಮಕ್ಕಳೂ ಇದ್ದಾರೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಶಾಲೆಯಲ್ಲಿ ಜಾಣೆಯಾಗಿದ್ದು ಮನೆಗೆ ಬಂದು ಕುಸಿಯುವ ಮಗುವಿನ ತೀವ್ರತೆ ಶಾಲೆಯವರ ಕಣ್ಣಿಗೆ ಬೀಳುವುದಿಲ್ಲ.

ಮೌಲ್ಯಮಾಪನಕ್ಕೆ ಹೋಗುವ ಮುನ್ನ

ಪಶ್ಚಿಮ ಬೆಂಗಳೂರಿನ ಕುಟುಂಬಗಳು ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗಬಹುದು. ಮಾತು ಮತ್ತು ಶ್ರವಣದ ಪರೀಕ್ಷೆಗೆ, 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಕೆಂಗೇರಿಯಿಂದ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರ. ಆದರೆ ದೂರ ಪ್ರಯಾಣ ಮಾಡಿ, ಸಾಲಿನಲ್ಲಿ ಕಾದು ದಣಿದ ಮಗು ಆ ದಿನ ತೋರುವ ವರ್ತನೆ ಅದರ ಎಂದಿನ ವರ್ತನೆಯಲ್ಲ. ಹಾಗಾಗಿ ಮೂರು ಸಿದ್ಧತೆ ಮಾಡಿಕೊಳ್ಳಿ. ಮನೆಯಲ್ಲಿ ಊಟದ ಹೊತ್ತಿನ, ಆಟದ ಹೊತ್ತಿನ, ಹಟದ ಹೊತ್ತಿನ ಪುಟ್ಟ ವಿಡಿಯೋಗಳನ್ನು ಮಾಡಿಟ್ಟುಕೊಳ್ಳಿ. ಯಾವ ವರ್ತನೆ ದಿನಕ್ಕೆ ಎಷ್ಟು ಸಲ ಎಂದು ಎರಡು ವಾರ ಬರೆದಿಡಿ. ಮಗುವನ್ನು ಹೆಚ್ಚು ಹೊತ್ತು ನೋಡಿಕೊಳ್ಳುವವರು ಅಜ್ಜಿಯಾದರೆ ಅವರನ್ನೂ ಜೊತೆಗೆ ಕರೆದೊಯ್ಯಿರಿ. ಅಂಕ ಜಾಸ್ತಿ ಬರಲಿ ಎಂದು ಕಷ್ಟವನ್ನು ಹಿಗ್ಗಿಸಬೇಡಿ, ಮರ್ಯಾದೆಗೆ ಅಂಜಿ ಕುಗ್ಗಿಸಲೂಬೇಡಿ.

ಎರಡೂವರೆ ವರ್ಷಕ್ಕೆ ಬರೆದ ಪದ ಎಂಟು ವರ್ಷಕ್ಕೆ ಹೊಂದಬೇಕೆಂದಿಲ್ಲ. ತರಬೇತಿಯಿಂದ ಕೆಲವರ ಆಸರೆಯ ಅಗತ್ಯ ತಗ್ಗುತ್ತದೆ, ಹದಿಹರೆಯದಲ್ಲಿ ಕೆಲವರದು ಏರುತ್ತದೆ. ಆಗಾಗ ಮರುಮೌಲ್ಯಮಾಪನ ಮಾಡಿಸಿ. ಆ ಕೊಠಡಿಯಲ್ಲಿ "ಮೈಲ್ಡಾ, ಸಿವಿಯರಾ?" ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ತಪ್ಪದೆ ಕೇಳಿ: "ನಮ್ಮ ಮಗುವಿಗೆ ಈಗ ಯಾವ ಆಸರೆ ಬೇಕು, ಅದನ್ನು ನಾಳೆಯಿಂದಲೇ ಮನೆಯಲ್ಲಿ ಹೇಗೆ ಶುರು ಮಾಡೋಣ?"