ನೇಗಿಲಿನ ಬೆನ್ನಿಗೆ ಬಂದ ಲೇತ್: ಕಿರ್ಲೋಸ್ಕರ್ ಉದ್ಯಮ ನಡೆದ ದಾರಿ

ಪುಣೆಯಿಂದ ಮೀರಜ್, ಬೆಳಗಾವಿ, ಹುಬ್ಬಳ್ಳಿ, ಹರಿಹರ ಹಾದು ಬೆಂಗಳೂರಿಗೆ ಬರುವ ರೈಲು ಮಾರ್ಗವನ್ನು ಕಾಗದದ ಮೇಲೆ ಗೆರೆ ಎಳೆದು ನೋಡಿ. ಕಿರ್ಲೋಸ್ಕರ್ ಉದ್ಯಮದ ಮೊದಲ ಅರವತ್ತು ವರ್ಷಗಳ ಚರಿತ್ರೆ ಹೆಚ್ಚೂಕಡಿಮೆ ಆ ಗೆರೆಯ ಮೇಲೆಯೇ ಇದೆ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಮತ್ತು ನೇಗಿಲು, ಕುಂಡಲ್ ರೋಡ್ ಸ್ಟೇಷನ್ನಿನ ಪಕ್ಕದಲ್ಲಿ ಕಿರ್ಲೋಸ್ಕರವಾಡಿ, ಹರಿಹರದಲ್ಲಿ ಲೇತ್, ಬೆಂಗಳೂರಿನಲ್ಲಿ ವಿದ್ಯುತ್ ಮೋಟರು, ಪುಣೆಯಲ್ಲಿ ಡೀಸೆಲ್ ಎಂಜಿನ್. ಬೀಡುಕಬ್ಬಿಣ, ಕಲ್ಲಿದ್ದಲು, ಎರಕದ ಸಾಮಾನು ಎಲ್ಲವೂ ಭಾರದ ಸರಕು. ರೈಲು ಬಿಟ್ಟು ದೂರ ಹೋಗುವ ಹಾಗಿರಲಿಲ್ಲ.

ಈ ಮನೆತನದ ಕಥೆಯನ್ನು ಅಪ್ಪ, ಮಗ, ಮೊಮ್ಮಗ ಎಂದು ಪೀಳಿಗೆಗಳ ಲೆಕ್ಕದಲ್ಲಿ ಹೇಳುವುದು ರೂಢಿ. ಯಂತ್ರಗಳ ಸರದಿಯಲ್ಲಿ ಹೇಳಿದರೆ ಅದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಮುಂಬೈ, ಅಹಮದಾಬಾದಿನ ಗಿರಣಿಗಳು ವ್ಯಾಪಾರದ ಬಂಡವಾಳದಿಂದ ಎದ್ದವು; ಯಂತ್ರಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದಿಳಿದವು. ಕಿರ್ಲೋಸ್ಕರರ ಉದ್ಯಮ ಬೆಳೆದದ್ದು ಹೊಲದ ಅಗತ್ಯದಿಂದ. ಒಂದು ಯಂತ್ರ ರೈತನ ಕೈಗೆ ಹೋದ ಮೇಲೆ ಅದೇ ಮುಂದಿನ ಯಂತ್ರವನ್ನು ಕೇಳಿತು.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆಯ ಹುಚ್ಚಿನಿಂದ ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದರು. ಕೆಲವು ಬಣ್ಣಗಳು ತಮ್ಮ ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ ಎಂಬುದು ಅಲ್ಲಿ ಗೊತ್ತಾಯಿತು. ಕುಂಚ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ಈ ತಿರುವನ್ನು ದೈವಯೋಗ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಅಲ್ಲಿ ಸಿಕ್ಕ ವಿದ್ಯೆಯೇ ಮುಂದೆ ಬಂಡವಾಳವಾಯಿತು. ಕಣ್ಣೆದುರಿನ ಯಂತ್ರವನ್ನು ಬಿಚ್ಚಿ, ಅಳೆದು, ನಕ್ಷೆಗೆ ಇಳಿಸಿ, ಮರದ ಪ್ಯಾಟರ್ನ್ ಮಾಡಿ ಎರಕ ಹೊಯ್ಯಬಲ್ಲವರು ಆ ಕಾಲದ ಬೆಳಗಾವಿಯಲ್ಲಿ ಎಷ್ಟು ಮಂದಿ ಇದ್ದಾರು?

1888ರಲ್ಲಿ ಅಣ್ಣ ರಾಮಚಂದ್ರರಾಯರ ಜೊತೆಗೂಡಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ತಮ್ಮ ಮುಂಬೈಯಿಂದ ಸೈಕಲ್ ಕಳಿಸುವುದು, ಅಣ್ಣ ಮಾರುವುದು, ಕೊಂಡವರಿಗೆ ಓಡಿಸಲು ಕಲಿಸುವುದು. ಮುಂದೆ ನೌಕರಿಯಲ್ಲಿ ತಮಗೆ ಸಲ್ಲಬೇಕಿದ್ದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬರಿಗೆ ಹೋದಾಗ ಲಕ್ಷ್ಮಣರಾವ್ ರಾಜೀನಾಮೆ ಕೊಟ್ಟು ಬೆಳಗಾವಿಗೆ ಮರಳಿದರು. ಮೊದಲು ಮೇವು ಕತ್ತರಿಸುವ ಯಂತ್ರ, 1903ರಲ್ಲಿ ಕಬ್ಬಿಣದ ನೇಗಿಲು.

ಈ ನೇಗಿಲಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಮರದ ನೇಗಿಲು ಮಣ್ಣನ್ನು ಸೀಳುತ್ತದೆ, ಮಗುಚುವುದಿಲ್ಲ. ಎರೆಭೂಮಿಯಲ್ಲಿ ಕರಿಕೆ ಹಬ್ಬಿದರೆ ಅದರ ಬೇರು ಆಳಕ್ಕೆ ಇಳಿಯುತ್ತದೆ. ಮೇಲೆ ಗೀರಿದರೆ ಮತ್ತೆ ಚಿಗುರುತ್ತದೆ. ಕಬ್ಬಿಣದ ನೇಗಿಲಿನ ಬಾಗಿದ ರೆಕ್ಕೆ ಹೆಂಟೆಯನ್ನು ಎತ್ತಿ ಹೊರಳಿಸಿ, ಬೇರನ್ನು ಬಿಸಿಲಿಗೆ ಬಿಡುತ್ತದೆ. ಲಾಭ ಕಣ್ಣಿಗೆ ಕಾಣುವಂಥದ್ದು. ಆದರೂ ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆ ಎಂಬ ಭಯ ರೈತರಲ್ಲಿತ್ತು. ಮೊದಲ ನೇಗಿಲುಗಳು ಗಿರಾಕಿಯಿಲ್ಲದೆ ಬಹುಕಾಲ ಬಿದ್ದಿದ್ದವು. ತಾಂತ್ರಿಕ ತೊಡಕೂ ಇತ್ತು. ಸಾದಾ ಎರಕದ ಕುಳ ಮೊರಸು ನೆಲದಲ್ಲಿ ಬೇಗ ಸವೆಯುತ್ತದೆ. ಅಚ್ಚಿನೊಳಗೆ ಮೊನೆ ಬರುವ ಜಾಗದಲ್ಲಿ ತಣ್ಣನೆಯ ಕಬ್ಬಿಣದ ತುಂಡು ಇಟ್ಟು ಎರಕ ಹೊಯ್ದರೆ, ಕರಗಿದ ಲೋಹ ಅಲ್ಲಿ ಥಟ್ಟನೆ ಆರಿ ಗಡುಸಾಗುತ್ತದೆ. ಹೀಗೆ ಹೊರಮೈ ಗಟ್ಟಿಯಾಗಿಯೂ ಒಳಮೈ ಬಿರುಕು ಬಿಡದಂತೆಯೂ ಬರುವ ಕುಳಕ್ಕೆ ಹದ ಕಾಯುವ ಎರಕದವರು ಬೇಕು, ಬೀಡುಕಬ್ಬಿಣದ ಗುಣ ಗೊತ್ತಿರಬೇಕು. ನೇಗಿಲು ಸಣ್ಣ ಸಾಮಾನು ಎನಿಸಬಹುದು. ಅದನ್ನು ಸರಿಯಾಗಿ ಮಾಡಲು ಕಲಿತ ಫೌಂಡ್ರಿಗೆ ಪಂಪಿನ ಹೊರಕವಚವೂ ಲೇತಿನ ಬೆಡ್ಡೂ ದೂರದ ಮಾತಲ್ಲ.

ನೇಗಿಲು ಮಾರಾಟ ಕುದುರುವ ಹೊತ್ತಿಗೆ ಊರ ವಿಸ್ತರಣೆಗೆ ಜಾಗ ಬೇಕೆಂದು ಕಾರ್ಖಾನೆ ತೆರವು ಮಾಡಬೇಕಾಯಿತು. ಆಗ ಕೈ ಹಿಡಿದವರು ಔಂಧ್ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿ. ಕುಂಡಲ್ ರೋಡ್ ಬಳಿ 32 ಎಕರೆ ಜಮೀನು, 10,000 ರೂಪಾಯಿ ಸಾಲ. ಜಮೀನೆಂದರೆ ಪಾಪಸುಕಳ್ಳಿ, ಹಾವು ತುಂಬಿದ ಬಂಜರು. 1910ರ ಮಾರ್ಚಿನಲ್ಲಿ ಅಲ್ಲಿ ನೆಲೆಯೂರಿದ ಊರೇ ಕಿರ್ಲೋಸ್ಕರವಾಡಿ. ಶಾಲೆ ಅರ್ಧಕ್ಕೆ ಬಿಟ್ಟ ಅನಂತರಾವ್ ಫಳಣೀಕರ್ ಅಲ್ಲಿ ಹೊಸ ಯಂತ್ರಗಳನ್ನು ಕಲ್ಪಿಸುವ ಎಂಜಿನಿಯರಾದರು. ಅಣ್ಣ ರಾಮಚಂದ್ರರಾಯರು ಊರಿನ ವ್ಯವಸ್ಥೆ ಹೊತ್ತರು. ಶಿಕ್ಷೆ ಅನುಭವಿಸಿ ಬಂದವರನ್ನು ಕಾವಲಿಗೆ ನೇಮಿಸಿದರು. ಅಸ್ಪೃಶ್ಯತೆಗೆ ಅಲ್ಲಿ ಜಾಗವಿರಲಿಲ್ಲ. ಓದಿದವರನ್ನು ಹುಡುಕಿಕೊಂಡು ಹೋಗದೆ ಬಂದವರನ್ನೇ ಕುಶಲಿಗಳನ್ನಾಗಿ ಮಾಡಿದ ಈ ಪದ್ಧತಿ, ನನ್ನ ಲೆಕ್ಕದಲ್ಲಿ, ಕಂಪನಿಯ ಯಾವ ಯಂತ್ರಕ್ಕಿಂತಲೂ ದೊಡ್ಡ ಸಾಧನೆ.

ಮೊದಲ ಮಹಾಯುದ್ಧದಲ್ಲಿ ಕಬ್ಬಿಣವೂ ಕಲ್ಲಿದ್ದಲೂ ಸಿಗದಾದವು. ಸಂಸ್ಥಾನಗಳ ಕೋಟೆಗಳಲ್ಲಿ ಬಿದ್ದಿದ್ದ ಹಳೆಯ ಫಿರಂಗಿಗಳನ್ನು ತಂದು ಕರಗಿಸಿದರು. ತೋಪು ನೇಗಿಲಾಯಿತು! 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಯಿತು. ಅದೇ ವರ್ಷ ಶಂಕರರಾವ್ ಕಿರ್ಲೋಸ್ಕರ್ ಸಂಪಾದಕತ್ವದಲ್ಲಿ ಹೊರಟ ಪತ್ರಿಕೆ ಕಾರ್ಖಾನೆಯ ಸುದ್ದಿಯಿಂದ ಆರಂಭಿಸಿ ಮರಾಠಿಯ ದೊಡ್ಡ ಮಾಸಿಕವಾಗಿ ಬೆಳೆಯಿತು. ಅದರದ್ದು ಬೇರೆಯೇ ಕಥೆ.

ನೇಗಿಲಿನ ಹಿಂದೆ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ ಬಂದವು. ಕಬ್ಬು ಬಂದಲ್ಲಿ ನೀರು ಬೇಕು. 1926ರ ಹೊತ್ತಿಗೆ ಸೆಂಟ್ರಿಫ್ಯೂಗಲ್ ಪಂಪು ತಯಾರಾಯಿತು. ಕಪಿಲೆ ಹೊಡೆದು ಎತ್ತುಗಳ ಕುತ್ತಿಗೆ ಸವೆಸುತ್ತಿದ್ದ ಸೀಮೆಗೆ ಇದು ಎಂಥ ಬದಲಾವಣೆ ಎಂಬುದನ್ನು ನೀರಾವರಿ ಮಾಡಿದವರೇ ಬಲ್ಲರು. ಈ ಪಂಪು ನೀರನ್ನು ಎಳೆಯುವುದು ಗಾಳಿಯ ಒತ್ತಡದ ಬಲದಿಂದ; ಸಿದ್ಧಾಂತದಲ್ಲಿ ಸುಮಾರು 10 ಮೀಟರು, ಬಳಕೆಯಲ್ಲಿ ಏಳರ ಆಚೆ ಕಷ್ಟ. ಅದಕ್ಕೇ ಬಾವಿಯೊಳಗೆ ಮೆಟ್ಟಿಲ ಪಕ್ಕ ಕಟ್ಟೆ ಕಟ್ಟಿ ಪಂಪು ಕೂರಿಸುತ್ತಿದ್ದರು. ಫುಟ್‌ವಾಲ್ವ್ ಸೋರಿದರೆ ಮತ್ತೆ ಕೊಡದಲ್ಲಿ ನೀರು ಹೊಯ್ದು ಪೈಪು ತುಂಬಿಸಬೇಕು. ಪಂಪು ಬಂದ ಮೇಲೆ ಅದನ್ನು ತಿರುಗಿಸಲು ಏನಾದರೂ ಬೇಕಲ್ಲ? ಕರೆಂಟಿಲ್ಲದ ಊರಿಗೆ ಡೀಸೆಲ್ ಎಂಜಿನ್, ಕರೆಂಟಿದ್ದಲ್ಲಿಗೆ ಮೋಟರು. ಈ ಎಲ್ಲವನ್ನೂ ಕೊರೆಯಲು, ಕಡೆಯಲು ಲೇತ್.

ಇಲ್ಲಿಂದ ಮುಂದೆ ಮಗ ಶಂತನುರಾಯರ ಕಾಲ. 1926ರಲ್ಲಿ ಅಮೆರಿಕದ ಎಂಐಟಿಯಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದು ಮರಳಿದ ಅವರು, ತಂದೆಯ ಕೈಗುಣಕ್ಕೆ ಲೆಕ್ಕಾಚಾರದ ಶಿಸ್ತು ಜೋಡಿಸಿದರು. ಎರಡನೆಯ ಮಹಾಯುದ್ಧದಲ್ಲಿ ಆಮದು ನಿಂತಾಗ ಯಂತ್ರೋಪಕರಣಗಳಿಗೆ ಎಲ್ಲಿಲ್ಲದ ಬೇಡಿಕೆ. 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಯಿತು. ಜಾಗ ಸುಮ್ಮನೆ ಆರಿಸಿದ್ದಲ್ಲ: ತುಂಗಭದ್ರೆಯ ನೀರು, ಪುಣೆ–ಬೆಂಗಳೂರು ಹಳಿ, 1923ರಿಂದಲೇ ಕಬ್ಬಿಣ ತೆಗೆಯುತ್ತಿದ್ದ ಭದ್ರಾವತಿಯ ಸಾಮೀಪ್ಯ, ಕೈಗಾರಿಕೆಯನ್ನು ಕರೆದು ಕೂರಿಸುತ್ತಿದ್ದ ಸಂಸ್ಥಾನ.

ಯುದ್ಧ ಮುಗಿಯುತ್ತಲೇ, 1946ರಲ್ಲಿ, ಎರಡು ಕಂಪನಿಗಳು ಒಟ್ಟಿಗೆ ಹುಟ್ಟಿದವು: ಪುಣೆಯ ಖಡಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್, ಬೆಂಗಳೂರಿನಲ್ಲಿ ಶಂತನುರಾಯರ ತಮ್ಮ ರವೀಂದ್ರ ಕಿರ್ಲೋಸ್ಕರರ ಕಿರ್ಲೋಸ್ಕರ್ ಎಲೆಕ್ಟ್ರಿಕ್. ಎರಡೇ ವರ್ಷದಲ್ಲಿ ಮೂಲಕ್ಕೇ ಪೆಟ್ಟು ಬಿತ್ತು. ಗಾಂಧೀಜಿ ಹತ್ಯೆಯ ನಂತರ ದಕ್ಷಿಣ ಮಹಾರಾಷ್ಟ್ರದಲ್ಲಿ ಬ್ರಾಹ್ಮಣರ ಆಸ್ತಿಗಳ ಮೇಲೆ ನಡೆದ ದಾಳಿಯಲ್ಲಿ ಕಿರ್ಲೋಸ್ಕರವಾಡಿ ಕಾರ್ಖಾನೆಗೂ ಬೆಂಕಿ ಹಚ್ಚಿದರು. ಅದನ್ನು ಮತ್ತೆ ಕಟ್ಟಿದರು. ಪಂಪು ಅಲ್ಲಿ ಇಂದಿಗೂ ತಯಾರಾಗುತ್ತದೆ. 1956ರಲ್ಲಿ ಲಕ್ಷ್ಮಣರಾವ್ ತೀರಿಕೊಂಡರು. 1958ರಲ್ಲಿ ಕಿರ್ಲೋಸ್ಕರ್ ನ್ಯೂಮ್ಯಾಟಿಕ್, 1962ರಲ್ಲಿ ಅಮೆರಿಕದ ಕಮಿನ್ಸ್ ಜೊತೆಗಿನ ಕಂಪನಿ ಬಂದವು. ಲೈಸೆನ್ಸ್ ಪದ್ಧತಿಯನ್ನು ಶಂತನುರಾವ್ ಬಹಿರಂಗವಾಗಿಯೇ ಟೀಕಿಸುತ್ತ ಬಂದರು.

ಹರಿಹರಕ್ಕೆ ಮರಳುತ್ತೇನೆ, ಕನ್ನಡಿಗರು ಈ ಚರಿತ್ರೆಯಲ್ಲಿ ಹೆಚ್ಚು ಮರೆತಿರುವುದು ಅದನ್ನೇ. ‘ಟರ್ನ್‌ಮಾಸ್ಟರ್’, ‘ಎಂಟರ್‌ಪ್ರೈಸ್’ ಲೇತ್‌ಗಳು ದೇಶದ ಐಟಿಐಗಳಲ್ಲಿ, ಪಾಲಿಟೆಕ್ನಿಕ್ ವರ್ಕ್‌ಶಾಪ್‌ಗಳಲ್ಲಿ ಹರಡಿಕೊಂಡವು. ಚಕ್ಕಿಗೆ ಜಾಬ್ ಕಟ್ಟುವುದನ್ನು ಅವುಗಳ ಮೇಲೆ ಕಲಿತವರು ಅಸಂಖ್ಯ. ಲೇತಿನ ಪ್ರಾಣವಿರುವುದು ಬೆಡ್ಡಿನಲ್ಲಿ. ಎರಕದಿಂದ ಬಂದ ಬೆಡ್ಡಿನ ಒಳಬಿಗಿತ ಹೋಗದಿದ್ದರೆ ನಾಲ್ಕು ದಿನಕ್ಕೆ ಸೊಟ್ಟಗಾಗುತ್ತದೆ. ಮೇಲ್ಮೈಗೆ ನೀಲಿ ಬಳಿದು, ಉಬ್ಬು ಕಂಡಲ್ಲಿ ಸ್ಕ್ರೇಪರಿನಿಂದ ಕೈಯಲ್ಲೇ ಕೆರೆದು, ಮತ್ತೆ ನೀಲಿ ಬಳಿದು ನೋಡಬೇಕು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ.

ಆ ಕಾರ್ಖಾನೆ ಹೊಸ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. 1991ರ ನಂತರ ಆಮದು ಸುಂಕ ಇಳಿಯುತ್ತ ಹೋಯಿತು. ಮೇಲಿನಿಂದ ಸಿಎನ್‌ಸಿ ಯಂತ್ರಗಳು, ಕೆಳಗಿನಿಂದ ಪಂಜಾಬಿನ ಬಟಾಲದಂಥ ಊರುಗಳ ಅಗ್ಗದ ಲೇತ್‌ಗಳು ಒತ್ತಿದವು. ನಡುವೆ ಸಿಕ್ಕಿಕೊಂಡದ್ದು ಹರಿಹರ. ಅಲ್ಲಿಯತನಕ ಪ್ರತಿ ಯಂತ್ರವೂ ಮುಂದಿನದನ್ನು ಕೇಳುತ್ತ ಬಂದಿತ್ತು. ಲೇತ್ ಕೇಳಿದ ಎಲೆಕ್ಟ್ರಾನಿಕ್ಸ್‌ಗೆ ಮಾತ್ರ ಹೊತ್ತಿಗೆ ಸರಿಯಾಗಿ ಉತ್ತರ ಸಿಗಲಿಲ್ಲ. ಸೋಲನ್ನು ಮಾರುಕಟ್ಟೆಯ ಮೇಲಷ್ಟೇ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ.

ಉಳಿದದ್ದು ಕವಲಾಗಿ ಬೆಳೆಯಿತು. ಕೊಪ್ಪಳದ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಬೀಡುಕಬ್ಬಿಣವನ್ನೇ ತಯಾರಿಸುತ್ತಿದೆ. ಶಂತನುರಾಯರ ಮೊಮ್ಮಗ ವಿಕ್ರಮ್ ಕಿರ್ಲೋಸ್ಕರ್ 1997ರಲ್ಲಿ ಟೊಯೊಟಾ ಜೊತೆ ಬಿಡದಿಗೆ ಬಂದರು. 2022ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. 2018ರಲ್ಲಿ ಥಾಯ್ಲೆಂಡಿನ ಗುಹೆಯಲ್ಲಿ ಮಕ್ಕಳು ಸಿಕ್ಕಿಬಿದ್ದಾಗ ನೀರು ಹೊರಹಾಕಲು ನೆರವಾದವರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ತಜ್ಞರೂ ಇದ್ದರು. ಮನೆತನದ ಈಗಿನ ಪೀಳಿಗೆಯ ಸೋದರರ ನಡುವಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2021ರಲ್ಲಿ ಮಧ್ಯಸ್ಥಿಕೆಯ ದಾರಿ ನೋಡಿಕೊಳ್ಳಿ ಎಂದು ನ್ಯಾಯಾಲಯ ಸೂಚಿಸಿತು.

ಲಕ್ಷ್ಮಣರಾಯರ ಬಗ್ಗೆ, ಶಂತನುರಾಯರ ಬಗ್ಗೆ ಪುಸ್ತಕಗಳಿವೆ, ಅಂಚೆಚೀಟಿಗಳಿವೆ. ಹರಿಹರದ ಎರಕದವರು, ಪ್ಯಾಟರ್ನ್ ಬಡಗಿಗಳು, ಬೆಡ್ ಕೆರೆದವರು ನಿವೃತ್ತರಾಗಿ ಆ ಸೀಮೆಯಲ್ಲೇ ಇದ್ದಾರೆ, ವಯಸ್ಸಾಗುತ್ತಿದೆ. ಅವರ ಮಾತನ್ನು ಅವರದೇ ಕನ್ನಡದಲ್ಲಿ ಧ್ವನಿಮುದ್ರಿಸಿಕೊಳ್ಳುವುದು, ಗುಜರಿಗೆ ಹೋಗುವ ಮುನ್ನ ಒಂದೊಂದು ಮಾದರಿಯ ಲೇತನ್ನು ಉಳಿಸಿಕೊಳ್ಳುವುದು, ಸಿಕ್ಕಷ್ಟು ನಕ್ಷೆಗಳನ್ನು ಕೂಡಿಸುವುದು ಹತ್ತಿರದ ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳು ಮುಂದಿನ ಬೇಸಿಗೆ ರಜೆಯಲ್ಲೇ ವಿದ್ಯಾರ್ಥಿಗಳ ಕೈಯಲ್ಲಿ ಶುರುಮಾಡಿಸಬಹುದಾದ ಕೆಲಸ.