ಕರಿಗೇರು: ಮದ್ದೂ ಹೌದು, ಬೆಂಕಿಯೂ ಹೌದು

ಮೊನ್ನೆ ಮಾಯಸಂದ್ರದ ಕಡೆ ಒಂದು ತೆಂಗಿನ ತೋಟಕ್ಕೆ ಹೋಗಿದ್ದೆ. ಕಾಯಿ ಸುಲಿಯುತ್ತಿದ್ದ ಹಿರಿಯರೊಬ್ಬರು ಮಂಡಿ ತೋರಿಸಿದರು. ನೋವಿಗೆಂದು ಕರಿಗೇರಿನ ಸೊನೆ ಹಚ್ಚಿದ್ದರಂತೆ. ಮಂಡಿ ತುಂಬ ಬೊಕ್ಕೆ ಎದ್ದಿತ್ತು. "ನಮ್ಮ ತಾತ ಇದನ್ನೇ ಹಚ್ತಿದ್ದರಲ್ಲ ಸ್ವಾಮಿ?" ಎಂದರು. ಹಚ್ಚುತ್ತಿದ್ದುದು ನಿಜ. ಆದರೆ ಈ ಕಾಯಿಯ ಕಥೆ ಪೂರ್ತಿ ತಿಳಿಯಬೇಕು.

ಗುಡ್ಡದ ಕುರುಚಲು ಕಾಡಿನ ಈ ಮರ ನಮ್ಮ ದೇಶದ್ದೇ. ನಾವು ಪಾಯಸಕ್ಕೆ ಹಾಕುವ ಗೋಡಂಬಿಯ ಮರ 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಬ್ರೆಜಿಲ್ ಕಡೆಯಿಂದ ಬಂದದ್ದು. ಅದಕ್ಕೂ ಹಣ್ಣಿನ ತುದಿಯಲ್ಲೇ ಬೀಜ, ಸಿಪ್ಪೆಯಲ್ಲಿ ಸುಡುವ ಎಣ್ಣೆ. ಹೀಗಾಗಿ ಗೇರು ಎಂಬ ಹೆಸರು ಎರಡಕ್ಕೂ ಸಂದಿತು. ಮರಾಠಿಯವರು ಇಂದಿಗೂ ಕರಿಗೇರಿನ ತಿರುಳನ್ನೇ ಗೋಡಂಬಿ ಅನ್ನುತ್ತಾರೆ. ಸಿಪ್ಪೆಯ ಎಣ್ಣೆ ಸೋಕದಂತೆ ಬಿಡಿಸಿ ಉಂಡೆಗೆ ಹಾಕುತ್ತಾರೆ.

ಅಗಸರು ಇದರ ಸೊನೆಗೆ ಸುಣ್ಣ ಸೇರಿಸಿ ಬಟ್ಟೆಗೆ ಗುರುತು ಹಾಕುತ್ತಿದ್ದರು. ಎಷ್ಟು ಒಗೆದರೂ ಆ ಗುರುತು ಹೋಗದು. ಎರಡನೆಯ ಮಹಾಯುದ್ಧದಲ್ಲಿ ಇಲ್ಲಿದ್ದ ಅಮೆರಿಕದ ಸಿಪಾಯಿಗಳಿಗೆ ಆ ಗುರುತು ತಗುಲಿದ ಜಾಗದಲ್ಲೇ ಚರ್ಮ ಕೆರಳಿತು. 1943ರಲ್ಲಿ ವೈದ್ಯರು ಅದನ್ನು ಬರೆದಿಟ್ಟರು.

ಚರಕ ಸಂಹಿತೆಯಲ್ಲಿ ಇದು ಭಲ್ಲಾತಕ. ಇನ್ನೊಂದು ಹೆಸರು ಅಗ್ನಿಮುಖ. ಆಯುರ್ವೇದ ವೈದ್ಯರು ಕಾಯನ್ನು ಇಟ್ಟಿಗೆ ಪುಡಿಯಲ್ಲಿ ಉಜ್ಜಿ, ಎಣ್ಣೆ ಹೀರಿಸಿ, ತೊಳೆದು, ಹಾಲು ತುಪ್ಪದೊಡನೆ ಅಳತೆ ನೋಡಿ ಕೊಡುತ್ತಾರೆ. ತಾತನಿಂದ ನಮಗೆ ಕಾಯಿ ಬಂತು. ಶುದ್ಧಿ ಮಾಡುವ ಕ್ರಮ ಬರಲಿಲ್ಲ, ಅಳತೆಯೂ ಬರಲಿಲ್ಲ.

ಬೇರೆ ದೇಶದಲ್ಲೂ ಹೀಗೆಯೇ. ಚೀನಾ, ಜಪಾನಿನಲ್ಲಿ ಗಿಂಕ್ಗೊ ಮರದ ಬೀಜವನ್ನು ಹುರಿದು ತಿನ್ನುತ್ತಾರೆ, ಗಂಜಿಗೆ ಹಾಕುತ್ತಾರೆ. ಚೀನೀ ವೈದ್ಯದಲ್ಲಿ ಅದು ಕೆಮ್ಮು, ಉಬ್ಬಸಕ್ಕೆ ಮದ್ದು. ಬೇಯಿಸಿದರೂ ಅದರ ವಿಷ ಪೂರ್ತಿ ಹೋಗದು. ಹೆಚ್ಚು ತಿಂದ ಮಕ್ಕಳಿಗೆ ಸೆಳವು ಬಂದದ್ದುಂಟು.

ಆದ್ದರಿಂದ ಮನೆಯಲ್ಲಿ ಕರಿಗೇರಿನ ಮದ್ದು ಮಾಡಬೇಡಿ. ಮಕ್ಕಳು ಹಸಿ ಕಾಯಿ ಕಚ್ಚದಂತೆ ನೋಡಿಕೊಳ್ಳಿ. ಕಾಯನ್ನು ಒಲೆಗೂ ಹಾಕಬೇಡಿ, ಹೊಗೆಯೂ ಕೆಟ್ಟದ್ದು. ಸೊನೆ ತಾಗಿದರೆ ತಡಮಾಡದೆ ಸೋಪು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯಿರಿ. ಕೊಬ್ಬರಿ ಎಣ್ಣೆ ಸವರುವುದು ಹಳೆಯ ರೂಢಿ. ಆದರೆ ಬೊಕ್ಕೆ ಎದ್ದರೆ, ಕಣ್ಣಿಗೆ ಬಿದ್ದರೆ, ಎಣ್ಣೆ ನಂಬಿ ಕೂರದೆ ಆಸ್ಪತ್ರೆಗೆ ಹೊರಡಿ. ಆ ಹಿರಿಯರನ್ನೂ ಅಂದೇ ಕಳಿಸಿಕೊಟ್ಟೆ.